ಸತ್ತ ಡ್ರಿಲ್ ಬ್ಯಾಟರಿಗೆ ಇನ್ನೊಂದು ಬ್ಯಾಟರಿಯಿಂದ ‘ಜೀವ’ ಕೊಡಬಹುದೇ?

ಎರಡು ತುಂಡು ವೈರ್, ಒಂದು ಚೆನ್ನಾಗಿರುವ ಬ್ಯಾಟರಿ, ಒಂದು ‘ಸತ್ತ’ ಬ್ಯಾಟರಿ. ಪ್ಲಸ್‌ಗೆ ಪ್ಲಸ್, ಮೈನಸ್‌ಗೆ ಮೈನಸ್ ಮುಟ್ಟಿಸಿ ಎರಡು ನಿಮಿಷ ಹಿಡಿಯಿರಿ. ಆಮೇಲೆ ಚಾರ್ಜರ್‌ಗೆ ಹಾಕಿ ನೋಡಿ, ಹಸಿರು ಲೈಟ್! ಹೊಸ ಬ್ಯಾಟರಿಯ ಖರ್ಚು ಉಳಿಯಿತು, ಗೆಳೆಯರಿಗೂ ಶೇರ್ ಮಾಡಿ. ಕಾರ್ಡ್‌ಲೆಸ್ ಡ್ರಿಲ್, ಗ್ರೈಂಡರ್, ಹುಲ್ಲು ಕತ್ತರಿಸುವ ಮೆಷಿನ್ ಬಳಸುವವರ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಈ ಬಗೆಯ ವಿಡಿಯೊಗಳು ಸುತ್ತುತ್ತಲೇ ಇರುತ್ತವೆ.

ಇದಕ್ಕೆ ‘ಸುಳ್ಳು’ ಎಂದು ಮುದ್ರೆ ಒತ್ತಿ ಮುಗಿಸಿಬಿಡಬಹುದಿತ್ತು. ಆದರೆ ವಿಡಿಯೊದಲ್ಲಿ ತೋರಿಸಿದ್ದು ಎಷ್ಟೋ ಸಲ ನಿಜವಾಗಿಯೂ ನಡೆಯುತ್ತದೆ. ಚಾರ್ಜರ್ ಒಪ್ಪಿಕೊಳ್ಳುತ್ತದೆ, ಡ್ರಿಲ್ ತಿರುಗುತ್ತದೆ. ವಿಡಿಯೊ ಅಲ್ಲಿಗೆ ಮುಗಿಯುತ್ತದೆ. ಆ ಬ್ಯಾಟರಿ ಮೂರು ವಾರದ ನಂತರ ಏನಾಯಿತು, ರಾತ್ರಿ ಚಾರ್ಜ್‌ಗೆ ಹಾಕಿ ಮಲಗಿದವರ ಮನೆಯಲ್ಲಿ ಏನಾಯಿತು ಎಂಬುದು ಯಾವ ವಿಡಿಯೊದಲ್ಲೂ ಇರುವುದಿಲ್ಲ. ಹಾಗಾಗಿ ನಮ್ಮ ಉತ್ತರ: ಅರ್ಧ ಸತ್ಯ. ಈ ಅರ್ಧ ಸತ್ಯದಲ್ಲಿ ಬೆಂಕಿಯ ಅಪಾಯವಿದೆ.

ಮೊದಲು ಬ್ಯಾಟರಿಯ ಒಳಗೆ ಏನಿದೆ ನೋಡೋಣ

ಡ್ರಿಲ್‌ನ ಬ್ಯಾಟರಿ ಎಂದರೆ ಒಂದೇ ಬ್ಯಾಟರಿ ಅಲ್ಲ. ಪ್ಲಾಸ್ಟಿಕ್ ಡಬ್ಬಿ ಬಿಚ್ಚಿದರೆ ಪೆನ್ ಟಾರ್ಚಿನ ಸೆಲ್‌ಗಿಂತ ಸ್ವಲ್ಪ ದಪ್ಪದ, ಉಕ್ಕಿನ ಕವಚದ ಸೆಲ್‌ಗಳು ಸಾಲಾಗಿ ಕಾಣುತ್ತವೆ. ಹೆಚ್ಚಿನವು 18650 ಎಂಬ ಗಾತ್ರದವು. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದು ಆ ಹೆಸರಿನ ಅರ್ಥ. ಒಂದೊಂದು ಸೆಲ್ಲಿನ ಸರಾಸರಿ ವೋಲ್ಟೇಜ್ 3.6. ಐದನ್ನು ಒಂದರ ಹಿಂದೆ ಒಂದು ಜೋಡಿಸಿದರೆ 18 ವೋಲ್ಟ್. ಪೂರ್ತಿ ತುಂಬಿದಾಗ ಒಂದೊಂದು ಸೆಲ್ 4.2 ವೋಲ್ಟ್‌ಗೆ ಏರುತ್ತದೆ, ಐದೂ ಸೇರಿ 21. ಅಂಗಡಿಯಲ್ಲಿ ‘18 ವೋಲ್ಟ್’, ‘20 ವೋಲ್ಟ್’, ‘21 ವೋಲ್ಟ್’ ಎಂದು ಬೇರೆ ಬೇರೆ ಬರೆದಿದ್ದರೂ ಒಳಗೆ ಸಾಮಾನ್ಯವಾಗಿ ಇರುವುದು ಅದೇ ಐದರ ಸಾಲು. (21 ಎಂದು ಬರೆದದ್ದು ಹೆಚ್ಚು ಶಕ್ತಿಯದು ಎಂದು ಯಾರಾದರೂ ಹೆಚ್ಚು ದುಡ್ಡು ಕೇಳಿದರೆ ಈ ಲೆಕ್ಕ ಹೇಳಿ.)

ಸೆಲ್ ಖಾಲಿಯಾಗುತ್ತಾ ಬಂದಂತೆ ವೋಲ್ಟೇಜ್ ಇಳಿಯುತ್ತದೆ. 3 ವೋಲ್ಟ್‌ನಿಂದ 2.5 ವೋಲ್ಟ್ ನಡುವೆ ಎಲ್ಲೋ ಒಂದು ಕಡೆ ‘ಇನ್ನು ಸಾಕು’ ಎಂಬ ಗೆರೆ ಇರುತ್ತದೆ. ಆ ಗೆರೆ ತಲುಪಿದಾಗ ಡ್ರಿಲ್ ತಾನೇ ನಿಲ್ಲುತ್ತದೆ. ಕೆಲವು ಕಂಪನಿಗಳು ಈ ಕಾವಲನ್ನು ಬ್ಯಾಟರಿಯೊಳಗಿನ ಬಿಎಂಎಸ್ ಎಂಬ ಸಣ್ಣ ಸರ್ಕಿಟ್ ಬೋರ್ಡಿಗೆ ಕೊಟ್ಟಿರುತ್ತವೆ, ಕೆಲವು ಡ್ರಿಲ್‌ಗೇ ಕೊಟ್ಟಿರುತ್ತವೆ.

ಡ್ರಿಲ್ ನಿಂತಿತು ಎಂದರೆ ಬ್ಯಾಟರಿ ಖಾಲಿಯಾಗುವುದು ನಿಂತಿತು ಎಂದಲ್ಲ. ಸೆಲ್‌ಗಳು ಸುಮ್ಮನಿದ್ದರೂ ತಿಂಗಳಿಗೆ ಸ್ವಲ್ಪ ಸ್ವಲ್ಪ ಚಾರ್ಜ್ ಕಳೆದುಕೊಳ್ಳುತ್ತವೆ. ಒಳಗಿನ ಬೋರ್ಡೂ ಚಿಟಿಕೆಯಷ್ಟು ಕರೆಂಟ್ ಕುಡಿಯುತ್ತಲೇ ಇರುತ್ತದೆ. ತುಂಬಿದ ಬ್ಯಾಟರಿಗೆ ಇದು ಲೆಕ್ಕಕ್ಕಿಲ್ಲ. ಕೆಲಸ ಮುಗಿಸಿ ಪೂರ್ತಿ ಖಾಲಿಯಾದದ್ದನ್ನು ಹಾಗೆಯೇ ಅಟ್ಟಕ್ಕೆ ಹಾಕಿದರೆ ಮಾತ್ರ ಅದು ತಿಂಗಳುಗಳಲ್ಲಿ ಗೆರೆಯ ತೀರಾ ಕೆಳಗೆ ಹೋಗಿರುತ್ತದೆ. ಮಲೆನಾಡು, ಕರಾವಳಿ ಕಡೆ ಇದು ಮಾಮೂಲು. ಮಳೆಗಾಲದಲ್ಲಿ ಕಟ್ಟಡದ ಕೆಲಸ ನಿಲ್ಲುತ್ತದೆ, ಮೆಷಿನ್ ಮೂಲೆ ಸೇರುತ್ತದೆ.

ಹಾಗೆ ಕೆಳಗಿಳಿದಾಗ ಒಳಗೆ ಆಗುವುದೇನು?

ಲಿಥಿಯಂ-ಅಯಾನ್ ಸೆಲ್ಲಿನ ಒಂದು ಧ್ರುವ ಗ್ರಾಫೈಟ್. ಅದನ್ನು ತೆಳುವಾದ ತಾಮ್ರದ ಹಾಳೆಯ ಮೇಲೆ ಬಳಿದಿರುತ್ತಾರೆ. ಎರಡು ಧ್ರುವಗಳು ಒಂದಕ್ಕೊಂದು ತಾಗದಂತೆ ಮಧ್ಯೆ ಒಂದು ಪ್ಲಾಸ್ಟಿಕ್ ಪೊರೆ. ಎಲ್ಲವೂ ನೆನೆದಿರುವುದು ಬೆಂಕಿ ಹೊತ್ತಿಕೊಳ್ಳಬಲ್ಲ ದ್ರಾವಣದಲ್ಲಿ.

ವೋಲ್ಟೇಜ್ ಅತಿಯಾಗಿ ಇಳಿದಾಗ ಆ ತಾಮ್ರದ ಹಾಳೆಯೇ ಕರಗಲು ಶುರುವಾಗುತ್ತದೆ. ಕರಗಿದ ತಾಮ್ರ ದ್ರಾವಣದಲ್ಲಿ ಸೇರಿಕೊಳ್ಳುತ್ತದೆ. ಈ ಹಂತದಲ್ಲಿ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಬಿಸಿ ಇಲ್ಲ, ವಾಸನೆ ಇಲ್ಲ. ತೊಂದರೆ ಶುರುವಾಗುವುದು ಮತ್ತೆ ಚಾರ್ಜ್ ಮಾಡಿದಾಗ. ಕರಗಿದ ತಾಮ್ರ ವಾಪಸು ಲೋಹವಾಗಿ ಕೂರುತ್ತದೆ, ಆದರೆ ಮೊದಲಿದ್ದ ಹಾಗೆ ಸಮನಾದ ಹಾಳೆಯಾಗಿ ಅಲ್ಲ. ಮುಳ್ಳು ಮುಳ್ಳಾಗಿ, ಸಿಕ್ಕಸಿಕ್ಕಲ್ಲಿ ಕೂರುತ್ತದೆ. ಅಂಥ ಒಂದು ಮುಳ್ಳು ಪೊರೆಯನ್ನು ದಾಟಿ ಆಚೆ ಧ್ರುವ ಮುಟ್ಟಿದರೆ ಸೆಲ್ಲಿನೊಳಗೇ ಶಾರ್ಟ್ ಸರ್ಕಿಟ್. ಸಣ್ಣದಾದರೆ ಬ್ಯಾಟರಿ ತುಂಬಿಸಿಟ್ಟರೂ ಎರಡು ದಿನಕ್ಕೆ ಖಾಲಿಯಾಗುತ್ತದೆ. ದೊಡ್ಡದಾದರೆ ಆ ಜಾಗ ಕಾಯುತ್ತದೆ. ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪೊರೆಯೇ ಕರಗುತ್ತದೆ. ಅಲ್ಲಿಂದ ಮುಂದೆ ಪಕ್ಕದ ಸೆಲ್‌ಗಳೂ ಒಂದೊಂದಾಗಿ ಹಿಡಿದುಕೊಳ್ಳಬಹುದು.

ಫೋನಿನ ಬ್ಯಾಟರಿ ಹಾಳಾದರೆ ಉಬ್ಬುತ್ತದೆ, ಕಣ್ಣಿಗೆ ಕಾಣುತ್ತದೆ. ಡ್ರಿಲ್‌ನ ಸೆಲ್‌ಗಳಿಗೆ ಉಕ್ಕಿನ ಅಂಗಿ. ಅವು ಸುಲಭಕ್ಕೆ ಉಬ್ಬುವುದಿಲ್ಲ. ‘ಉಬ್ಬಿಲ್ಲವಲ್ಲ, ಚೆನ್ನಾಗಿಯೇ ಇದೆ’ ಎನ್ನುವ ಮಾತು ಇಲ್ಲಿ ನಡೆಯುವುದಿಲ್ಲ.

ಹಾಗಾದರೆ ವಿಡಿಯೊದಲ್ಲಿ ಕೆಲಸ ಮಾಡಿದ್ದು ಹೇಗೆ?

ಚಾರ್ಜರ್‌ಗಳು ಮೊದಲು ಬ್ಯಾಟರಿಯ ವೋಲ್ಟೇಜ್ ನೋಡುತ್ತವೆ. ತೀರಾ ಕಡಿಮೆ ಇದ್ದರೆ ಕೆಂಪು ಲೈಟ್ ಮಿನುಗಿಸಿ ಸುಮ್ಮನಾಗುತ್ತವೆ. ಚಾರ್ಜರ್ ಕೆಟ್ಟಿದೆ ಎಂದಲ್ಲ, ಅದು ತನ್ನ ಕೆಲಸ ಮಾಡುತ್ತಿದೆ. ಪಕ್ಕದ ಬ್ಯಾಟರಿಯಿಂದ ಎರಡು ನಿಮಿಷ ನೂಕಿದಾಗ ಒಟ್ಟು ವೋಲ್ಟೇಜ್ ಗೆರೆಯ ಮೇಲೆ ಬರುತ್ತದೆ, ಚಾರ್ಜರ್ ‘ಸರಿ ಇದೆ’ ಎಂದುಕೊಂಡು ಪೂರ್ತಿ ಕರೆಂಟ್ ಬಿಡುತ್ತದೆ. ಮನೆಯ ಕಾವಲುಗಾರನಿಗೆ ಕಣ್ಣು ಕಟ್ಟಿ ಬಾಗಿಲು ತೆಗೆಸಿದ ಹಾಗೆ.

ಇನ್ನೊಂದು ಸಂದರ್ಭವಿದೆ, ಅದು ಸ್ವಲ್ಪ ವಾಸಿ. ಕೆಲವು ಬ್ಯಾಟರಿಗಳಲ್ಲಿ ವೋಲ್ಟೇಜ್ ಗೆರೆ ಮುಟ್ಟಿದ ಕೂಡಲೇ ಬಿಎಂಎಸ್ ಹೊರದಾರಿಯನ್ನೇ ಮುಚ್ಚಿಬಿಡುತ್ತದೆ. ಆಗ ಹೊರಗೆ ಮಲ್ಟಿಮೀಟರ್ ಹಿಡಿದರೆ ಸೊನ್ನೆ ತೋರಿಸಬಹುದು, ಆದರೆ ಒಳಗೆ ಸೆಲ್‌ಗಳು 2.6, 2.7 ವೋಲ್ಟ್‌ನಲ್ಲಿ ಚೆನ್ನಾಗಿಯೇ ಇರುತ್ತವೆ. ಇಂಥದ್ದಕ್ಕೆ ಸಣ್ಣ ಕರೆಂಟ್ ಕೊಟ್ಟರೆ ಬೋರ್ಡ್ ಎಚ್ಚರವಾಗುತ್ತದೆ. ಇಲ್ಲಿ ಬ್ಯಾಟರಿ ಸತ್ತೇ ಇರಲಿಲ್ಲ, ನಿದ್ದೆ ಹೋಗಿತ್ತು. ವಿಡಿಯೊ ಮಾಡಿದವರಿಗೆ ಸಿಕ್ಕಿದ್ದು ಯಾವುದು, ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಹೊರಗಿನಿಂದ ಹೇಳಲು ಆಗುವುದಿಲ್ಲ.

ಈಗ ಆ ವೈರ್ ವಿಷಯ. ತುಂಬಿದ ಬ್ಯಾಟರಿ 20 ವೋಲ್ಟ್, ಖಾಲಿಯದು 10 ವೋಲ್ಟ್ ಎಂದಿಟ್ಟುಕೊಳ್ಳಿ. ವ್ಯತ್ಯಾಸ 10. ಎರಡೂ ಬ್ಯಾಟರಿಗಳ ಒಳಗಿನ ತಡೆ, ವೈರ್ ಎಲ್ಲ ಸೇರಿ ಕಾಲು ಓಮ್ ಎಂದರೂ ಮುಟ್ಟಿಸಿದ ಕ್ಷಣ ಹರಿಯುವುದು 40 ಆಂಪಿಯರ್. ಅದೇ ಬ್ಯಾಟರಿಗೆ ಸಣ್ಣ ಚಾರ್ಜರ್ ಕೊಡುವುದು ಒಂದೆರಡು ಆಂಪಿಯರ್ ಮಾತ್ರ. ಅದೂ ಆರೋಗ್ಯವಾಗಿರುವ ಬ್ಯಾಟರಿಗೆ. ದಣಿದು ಬಿದ್ದ ಬ್ಯಾಟರಿಗೆ ಅದರ ಹತ್ತರಲ್ಲೊಂದು ಭಾಗ ಕೊಡಬೇಕು, ನಾವು ಕೊಡುತ್ತಿರುವುದು ಇಪ್ಪತ್ತು ಪಟ್ಟು. ತೆಳು ವೈರ್ ಆದರೆ ಕೈ ಸುಡುತ್ತದೆ. ಪ್ಲಸ್-ಮೈನಸ್ ಅದಲುಬದಲಾದರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಕೆಲವರು ಬೈಕ್ ಅಥವಾ ಕಾರಿನ ಬ್ಯಾಟರಿಯಿಂದ ಇದನ್ನು ಮಾಡಲು ಹೇಳುತ್ತಾರೆ. ಎಂಜಿನ್ ಸ್ಟಾರ್ಟ್ ಮಾಡಲು ನೂರಾರು ಆಂಪಿಯರ್ ಕೊಡಬಲ್ಲ ಬ್ಯಾಟರಿ ಅದು. ದಯವಿಟ್ಟು ಬೇಡ.

ಅಟ್ಟದಿಂದ ಇಳಿಸಿದ ಒಂದು ಬ್ಯಾಟರಿ

ನಮ್ಮ ತಂಡದ ಗೆಳತಿಯೊಬ್ಬರ ಅಪ್ಪ ಸಾಗರದ ಹತ್ತಿರ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ಮೇ ತಿಂಗಳಲ್ಲಿ ಕೊಟ್ಟಿಗೆಗೆ ಶೀಟ್ ಹೊದಿಸಿ, ಡ್ರಿಲ್ಲನ್ನು ಅಟ್ಟದ ಮೇಲಿಟ್ಟಿದ್ದರು. ದೀಪಾವಳಿ ಹೊತ್ತಿಗೆ ತೆಗೆದರೆ ಚಾರ್ಜರ್‌ನಲ್ಲಿ ಕೆಂಪು-ಹಸಿರು ಮಿನುಗು. ಅಷ್ಟರಲ್ಲಿ ಯಾರೋ ಕಳಿಸಿದ್ದ ವಿಡಿಯೊ ಅವರ ಫೋನಿನಲ್ಲಿತ್ತು. ಮಗಳಿಗೆ ಫಾರ್ವರ್ಡ್ ಮಾಡಿ ‘ಮಾಡಲಾ?’ ಎಂದು ಕೇಳಿದರು. ಈ ಲೇಖನ ಶುರುವಾದದ್ದು ಅಲ್ಲಿಂದ.

ಮಲ್ಟಿಮೀಟರ್ ಹಿಡಿದಾಗ ಬಂದದ್ದು 11.2 ವೋಲ್ಟ್. ಐದರಿಂದ ಭಾಗಿಸಿದರೆ ಸೆಲ್ಲಿಗೆ 2.24. ‘ಪರವಾಗಿಲ್ಲ, ಸ್ವಲ್ಪವೇ ಕಡಿಮೆ, ಒಂದು ನೂಕು ಕೊಟ್ಟರೆ ಏಳುತ್ತದೆ’ ಎಂದು ನಮಗೂ ಅನಿಸಿತು. ಬೆಂಗಳೂರಿಗೆ ತರಿಸಿ ಎಸ್.ಪಿ. ರೋಡಿನಲ್ಲಿ ಬ್ಯಾಟರಿ ರಿಪೇರಿ ಮಾಡುವವರೊಬ್ಬರ ಬಳಿ ಬಿಚ್ಚಿಸಿದೆವು. ನಾಲ್ಕು ಸೆಲ್‌ಗಳು 2.6ರಿಂದ 2.7ರ ನಡುವೆ ಇದ್ದವು. ಐದನೆಯದು 0.6.

ಸರಾಸರಿ ಎಂಬುದು ನಮ್ಮನ್ನು ಚೆನ್ನಾಗಿ ಮೋಸ ಮಾಡಿತ್ತು. ವಿಡಿಯೊದ ಪ್ರಕಾರ ಮಾಡಿದ್ದರೆ ಆ ಬ್ಯಾಟರಿ ಖಂಡಿತ ‘ಎದ್ದು’ ಚಾರ್ಜ್ ಆಗುತ್ತಿತ್ತು, ನಾಲ್ಕು ಒಳ್ಳೆಯ ಸೆಲ್‌ಗಳ ಬಲದಲ್ಲಿ. ಐದನೆಯದು ತಿಂಗಳುಗಟ್ಟಲೆ ಅರ್ಧ ವೋಲ್ಟ್‌ನಲ್ಲಿ ಕೊಳೆತದ್ದು, ಅದೂ ಅದೇ ಕರೆಂಟಿನಲ್ಲಿ ಚಾರ್ಜ್ ಆಗುತ್ತಿತ್ತು. ಆಮೇಲೆ ಡ್ರಿಲ್ ಓಡಿಸುವಾಗ ಮೊದಲು ಖಾಲಿಯಾಗುವುದೂ ಅದೇ. ಆಗ ಉಳಿದ ನಾಲ್ಕು ಸೇರಿ ಅದರ ಮೂಲಕ ಉಲ್ಟಾ ದಿಕ್ಕಿನಲ್ಲಿ ವೋಲ್ಟೇಜ್ ಹೇರುತ್ತವೆ. ಕೆಟ್ಟದ್ದು ಇನ್ನೂ ಕೆಡುತ್ತದೆ.

ರಿಪೇರಿಯವರು ಒಂದು ಸೆಲ್ ಬದಲಿಸಿಕೊಡಬಹುದು ಎಂದರು, ಆದರೆ ಹಳೆಯ ನಾಲ್ಕರ ಜೊತೆ ಹೊಸ ಒಂದು ಹೆಚ್ಚು ದಿನ ಹೊಂದಿಕೊಳ್ಳುವುದಿಲ್ಲ ಎಂದೂ ಅವರೇ ಹೇಳಿದರು. ನಮಗೆ ಅವರ ಮೇಲೆ ನಂಬಿಕೆ ಬಂದದ್ದು ಆ ಎರಡನೆಯ ಮಾತಿಗೆ.

ಈ ಉಪಾಯ ಹುಟ್ಟಿದ್ದು ಎಲ್ಲಿ?

ಇದನ್ನು ಯಾರೂ ಸುಮ್ಮನೆ ಕಟ್ಟಿ ಹೇಳಿದ್ದಲ್ಲ. ಲಿಥಿಯಂ ಬರುವ ಮೊದಲು ಡ್ರಿಲ್‌ಗಳಲ್ಲಿ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ಇರುತ್ತಿತ್ತು. ಅದರಲ್ಲಿ ಕ್ಯಾಡ್ಮಿಯಂನ ಎಳೆಗಳು ಬೆಳೆದು ಸೆಲ್ ಒಳಗೇ ಶಾರ್ಟ್ ಆಗುತ್ತಿತ್ತು. ದೊಡ್ಡ ಕರೆಂಟನ್ನು ಕ್ಷಣ ಕಾಲ ಹರಿಸಿದರೆ ಆ ಎಳೆ ಫ್ಯೂಸಿನಂತೆ ಸುಟ್ಟುಹೋಗಿ ಸೆಲ್ ಮತ್ತೆ ಸ್ವಲ್ಪ ದಿನ ನಡೆಯುತ್ತಿತ್ತು. ಹಳೆಯ ಮೆಕ್ಯಾನಿಕ್‌ಗಳು ಇದನ್ನು ಕಣ್ಣಾರೆ ಕಂಡವರು. ಅವರ ಅನುಭವ ಸುಳ್ಳಲ್ಲ, ಬ್ಯಾಟರಿ ಬದಲಾಗಿದೆ ಅಷ್ಟೆ.

‘ಪೂರ್ತಿ ಖಾಲಿ ಮಾಡಿಯೇ ಚಾರ್ಜ್ ಮಾಡಬೇಕು’ ಎಂಬ ಮಾತೂ ಅದೇ ಕಾಲದ್ದು. ನಿಕ್ಕಲ್-ಕ್ಯಾಡ್ಮಿಯಂಗೆ ಅದರಲ್ಲಿ ಅರ್ಥವಿತ್ತು. ಲಿಥಿಯಂಗೆ ಅದೇ ವಿಷ. ಇಂದು ಸತ್ತ ಬ್ಯಾಟರಿಗಳ ಒಂದು ಪಾಲು ಈ ಹಳೆಯ ಶಿಸ್ತನ್ನು ನಿಷ್ಠೆಯಿಂದ ಪಾಲಿಸಿದವರದ್ದೇ ಇರಬಹುದು ಎಂದು ನಮ್ಮ ಗುಮಾನಿ.

ಫ್ರೀಜರ್‌ನಲ್ಲಿ ರಾತ್ರಿ ಇಡುವ ಸಲಹೆಯೂ ಸುತ್ತುತ್ತಿದೆ. ಕರಗಿದ ತಾಮ್ರವನ್ನು ಚಳಿ ಸರಿ ಮಾಡುವುದಿಲ್ಲ. ಹೊರತೆಗೆದಾಗ ಒಳಗೆ ನೀರಿನ ಹನಿ ಕಟ್ಟುತ್ತದೆ. ತಣ್ಣಗಿರುವಾಗಲೇ ಚಾರ್ಜ್‌ಗೆ ಹಾಕಿದರೆ, ಸೊನ್ನೆ ಡಿಗ್ರಿಗಿಂತ ಕೆಳಗೆ ಲಿಥಿಯಂ ಗ್ರಾಫೈಟಿನೊಳಗೆ ಹೋಗದೆ ಮೇಲೆ ಲೋಹವಾಗಿ ಕೂತು ಇನ್ನೊಂದು ಬಗೆಯ ಮುಳ್ಳು ಬೆಳೆಯುತ್ತದೆ. ಫ್ರೀಜರ್ ಮೀನಿಗಿರಲಿ.

ಸರಿಯಾದ ದಾರಿ ಯಾವುದು?

ಮೊದಲು, ಬ್ಯಾಟರಿ ನಿಜವಾಗಿಯೂ ಸತ್ತಿದೆಯೇ ನೋಡಿ. ಬಿಸಿಲಲ್ಲಿ ಕೆಲಸ ಮಾಡಿ ಬಂದ ಬಿಸಿ ಬ್ಯಾಟರಿಯನ್ನು ಹಲವು ಚಾರ್ಜರ್‌ಗಳು ತಣ್ಣಗಾಗುವವರೆಗೆ ಒಪ್ಪುವುದಿಲ್ಲ. ನೆರಳಲ್ಲಿ ಒಂದು ಗಂಟೆ ಬಿಟ್ಟು ಹಾಕಿ. ತಗಡಿನ ಪಿನ್‌ಗಳಲ್ಲಿ ಸಿಮೆಂಟ್ ಧೂಳು, ಮರದ ಪುಡಿ ಕೂತಿರುತ್ತದೆ, ಒಣ ಬ್ರಷ್‌ನಿಂದ ತೆಗೆಯಿರಿ. ಅದೇ ಮಾದರಿಯ ಇನ್ನೊಂದು ಬ್ಯಾಟರಿ ಅದೇ ಚಾರ್ಜರ್‌ನಲ್ಲಿ ಚಾರ್ಜ್ ಆಗುತ್ತದೆಯೇ ನೋಡಿ. ಆಗದಿದ್ದರೆ ತಪ್ಪು ಚಾರ್ಜರ್‌ನದ್ದು. ವಾರಂಟಿ ಇದ್ದರೆ ಡಬ್ಬಿಯ ಸ್ಕ್ರೂ ಮುಟ್ಟಬೇಡಿ, ಸೀದಾ ಸರ್ವಿಸ್ ಸೆಂಟರ್.

ಇಷ್ಟಾದ ಮೇಲೂ ಏಳದಿದ್ದರೆ ವೋಲ್ಟೇಜ್ ಮುಖ್ಯ. ಐದು ಸೆಲ್ಲಿನ ಬ್ಯಾಟರಿಯಲ್ಲಿ 15 ವೋಲ್ಟ್‌ಗಿಂತ ಹೆಚ್ಚಿದ್ದರೆ ಸಮಸ್ಯೆ ಬೇರೆಲ್ಲೋ ಇದೆ, ಚಾರ್ಜ್ ಇಳಿದಿರುವುದಲ್ಲ. ಪ್ರತಿ ಸೆಲ್ಲೂ 2 ವೋಲ್ಟ್‌ಗಿಂತ ಮೇಲಿದ್ದು, ಒಂದಕ್ಕೊಂದು ಹತ್ತಿರ ಇದ್ದರೆ, ನಿಧಾನ ಚಾರ್ಜಿನಿಂದ ಉಳಿಸುವ ಪ್ರಯತ್ನ ಮಾಡಬಹುದು. ಯಾವುದೇ ಒಂದು ಸೆಲ್ 1.5 ವೋಲ್ಟ್‌ಗಿಂತ ಕೆಳಗೆ ಒಂದು ವಾರಕ್ಕಿಂತ ಹೆಚ್ಚು ಇದ್ದಿದ್ದರೆ ಅದನ್ನು ಎಬ್ಬಿಸಬಾರದು ಎಂಬುದು ಬ್ಯಾಟರಿ ಕೆಲಸ ಬಲ್ಲವರು ಪಾಲಿಸುವ ನಿಯಮ. ನಡುವಿನ ಒಂದೂವರೆಯಿಂದ ಎರಡರ ಜಾಗದಲ್ಲಿ ನಮ್ಮ ಒಲವು ಬಿಟ್ಟುಬಿಡುವ ಕಡೆಗೆ. ಎಷ್ಟು ದಿನದಿಂದ ಹಾಗಿತ್ತು ಎಂದು ಮಾಲೀಕರಿಗೇ ಗೊತ್ತಿರುವುದಿಲ್ಲ.

ನಿಧಾನ ಚಾರ್ಜ್ ಎಂದರೆ ವೋಲ್ಟೇಜೂ ಕರೆಂಟೂ ಎರಡನ್ನೂ ಮಿತಿಗೊಳಿಸಬಲ್ಲ ಪವರ್ ಸಪ್ಲೈನಿಂದ ಕೊಡುವುದು. 2 ಆಂಪಿಯರ್-ಅವರ್ ಬ್ಯಾಟರಿಗೆ 0.1ರಿಂದ 0.2 ಆಂಪಿಯರ್, ಅಷ್ಟೇ. ಒಳ್ಳೆಯ ಚಾರ್ಜರ್ ಚಿಪ್‌ಗಳು ಮಾಡುವುದೂ ಇದನ್ನೇ. ಅಗ್ಗದ ಸರ್ಕಿಟ್‌ಗಳಲ್ಲಿ ಸಿಗುವ ಟಿಪಿ4056 ಎಂಬ ಚಿಪ್ ಕೂಡ ಸೆಲ್ 2.9 ವೋಲ್ಟ್ ದಾಟುವವರೆಗೆ ಹತ್ತರಲ್ಲೊಂದು ಭಾಗ ಕರೆಂಟನ್ನೇ ಬಿಡುತ್ತದೆ. ಸೆಲ್ ಚೆನ್ನಾಗಿದ್ದರೆ ವೋಲ್ಟೇಜ್ ಬೇಗ ಏರಿ 3 ದಾಟುತ್ತದೆ. ಆಮೇಲೆ ಕಂಪನಿಯ ಚಾರ್ಜರ್‌ಗೇ ಹಾಕಬೇಕು. ಒಂದು ಗಂಟೆಯಾದರೂ ಏರದಿದ್ದರೆ, ಅಥವಾ ಈ ಸಣ್ಣ ಕರೆಂಟಿಗೇ ಕೈಗೆ ಬಿಸಿ ತಾಗಿದರೆ, ಅಲ್ಲಿಗೇ ನಿಲ್ಲಿಸಬೇಕು.

ಇದನ್ನು ಮನೆಯಲ್ಲಿ ಮಾಡಿ ಎಂದು ನಾವು ಹೇಳುತ್ತಿಲ್ಲ. ಬಿಚ್ಚಿದ ಬ್ಯಾಟರಿಯಲ್ಲಿ ಒಂದು ಸ್ಕ್ರೂಡ್ರೈವರ್ ಜಾರಿದರೂ ಸಾಕು. ರಿಪೇರಿ ಅಂಗಡಿಗೆ ಕೊಡುವುದಾದರೆ ಒಂದೊಂದು ಸೆಲ್ಲಿನ ವೋಲ್ಟೇಜ್ ನಿಮ್ಮೆದುರೇ ತೋರಿಸಲು ಕೇಳಿ. ಎಷ್ಟು ಆಂಪಿಯರ್‌ನಲ್ಲಿ ಚಾರ್ಜ್ ಮಾಡುತ್ತೀರಿ ಎಂದು ಕೇಳಿ. ‘ಶಾಕ್ ಕೊಟ್ಟು ಎಬ್ಬಿಸುತ್ತೇವೆ’ ಎಂದರೆ ವಾಪಸು ತನ್ನಿ. ಸೆಲ್ ಬದಲಿಸುವುದಾದರೆ ಐದನ್ನೂ ಒಂದೇ ಬಗೆಯದ್ದು, ಹೊಸತು, ಡ್ರಿಲ್ ಎಳೆಯುವ ದೊಡ್ಡ ಕರೆಂಟಿಗೆ ತಕ್ಕದ್ದು ಹಾಕಿಸಿ. ಹಳೆಯ ಲ್ಯಾಪ್‌ಟಾಪಿನಿಂದ ಕಿತ್ತ ಸೆಲ್‌ಗಳು ಈ ಕೆಲಸಕ್ಕಲ್ಲ. 18650 ಗಾತ್ರದ ಸೆಲ್ ಮೇಲೆ ‘9,900 ಎಂಎಎಚ್’ ಎಂದು ಬರೆದಿದ್ದರೆ ನಕ್ಕು ಮುಂದೆ ಹೋಗಿ. ಒಳ್ಳೆಯ ಕಂಪನಿಯವೇ 3,500ರ ಆಸುಪಾಸಿನಲ್ಲಿ ನಿಲ್ಲುತ್ತವೆ.

ಎದ್ದ ಬ್ಯಾಟರಿಯನ್ನೂ ತಕ್ಷಣ ನಂಬಬೇಡಿ. ಪೂರ್ತಿ ಚಾರ್ಜ್ ಮಾಡಿ, ವೋಲ್ಟೇಜ್ ಬರೆದಿಟ್ಟು, ಒಂದು ವಾರ ಮನೆಯ ಹೊರಗೆ ಕಲ್ಲಿನ ಕಟ್ಟೆಯ ಮೇಲೆ, ಮಳೆ-ಬಿಸಿಲು ಬೀಳದ ಕಡೆ ಬಿಡಿ. ಮತ್ತೆ ಅಳೆದಾಗ ಗಣನೀಯವಾಗಿ ಇಳಿದಿದ್ದರೆ ಒಳಗೆ ತಾಮ್ರದ ಮುಳ್ಳು ಕೆಲಸ ಶುರು ಮಾಡಿದೆ ಎಂದೇ ತಿಳಿಯಿರಿ. ಉಳಿದುಕೊಂಡ ಬ್ಯಾಟರಿಯನ್ನೂ ರಾತ್ರಿ ಮಲಗುವಾಗ, ಹಾಸಿಗೆ-ಬಟ್ಟೆ-ಥಿನ್ನರ್ ಡಬ್ಬಿಗಳ ಹತ್ತಿರ ಚಾರ್ಜ್‌ಗೆ ಇಡಬೇಡಿ. ಬಡಗಿ ಶೆಡ್ಡಿನಲ್ಲಿ ಮರದ ಪುಡಿಯ ಮಧ್ಯೆ ಚಾರ್ಜರ್ ಇರುವುದನ್ನು ನಾವು ಎಷ್ಟೋ ಕಡೆ ನೋಡಿದ್ದೇವೆ.

ಹೊಗೆ ಬಂದರೆ

ಬ್ಯಾಟರಿಯಿಂದ ಸಿಹಿ ಸಿಹಿಯಾದ ರಾಸಾಯನಿಕ ವಾಸನೆ, ಸಿಳ್ಳೆಯ ಸದ್ದು, ಹೊಗೆ ಬಂದರೆ ಕೈಯಲ್ಲಿ ಎತ್ತಬೇಡಿ. ಮೇನ್ ಸ್ವಿಚ್ ಆಫ್ ಮಾಡಲು ಸಾಧ್ಯವಾದರೆ ಮಾಡಿ, ಎಲ್ಲರನ್ನೂ ಹೊರಗೆ ಕಳಿಸಿ, 112ಕ್ಕೆ ಕರೆ ಮಾಡಿ. ಆ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರಬಹುದು, ಶ್ವಾಸಕೋಶಕ್ಕೆ ಅದು ವಿಷ. ‘ಲಿಥಿಯಂಗೆ ನೀರು ಹಾಕಬಾರದು’ ಎಂಬ ಫಾರ್ವರ್ಡ್ ಇಲ್ಲಿ ಅನ್ವಯಿಸುವುದಿಲ್ಲ. ಡ್ರಿಲ್ ಬ್ಯಾಟರಿಯಂಥ ಸಣ್ಣ ಲಿಥಿಯಂ-ಅಯಾನ್ ಬ್ಯಾಟರಿಗೆ ಕರೆಂಟ್ ಕಡಿದ ಮೇಲೆ, ದೂರದಿಂದ ಧಾರಾಳ ನೀರು ಹಾಕಬಹುದು. ನೀರಿನ ಕೆಲಸ ತಣ್ಣಗೆ ಮಾಡುವುದು. ಮರಳು ಮುಚ್ಚಿದರೆ ಜ್ವಾಲೆ ಕಾಣದಿರಬಹುದು, ಒಳಗಿನ ಕಾವು ಹಾಗೆಯೇ ಇರುತ್ತದೆ. ಆರಿದಂತೆ ಕಂಡದ್ದು ಗಂಟೆಗಳ ನಂತರ ಮತ್ತೆ ಹೊತ್ತಿಕೊಳ್ಳಬಹುದು. ಹಾಗಾಗಿ ಒಳಗೆ ತರಬೇಡಿ.

ಕೈಬಿಟ್ಟ ಬ್ಯಾಟರಿಯನ್ನು ಏನು ಮಾಡುವುದು?

ಕಸದ ಗಾಡಿಗೆ ಹಾಕುವಂತಿಲ್ಲ. ಲಾರಿಯಲ್ಲಿ ಕಸ ಒತ್ತುವಾಗ ಸೆಲ್ ಜಜ್ಜಿದರೆ ಅಲ್ಲೇ ಬೆಂಕಿ. ಬ್ಯಾಟರಿಯ ಮೇಲೆ ಅಡ್ಡಗೆರೆ ಎಳೆದ ಕಸದ ಬುಟ್ಟಿಯ ಚಿತ್ರ ಇರುವುದು ಅದಕ್ಕೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ವಾಪಸು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು, ಆಮದು ಮಾಡಿ ಮಾರುವವರದ್ದು. ಪಿನ್‌ಗಳ ಮೇಲೆ ಇನ್ಸುಲೇಷನ್ ಟೇಪ್ ಸುತ್ತಿ, ಸರ್ವಿಸ್ ಸೆಂಟರ್‌ಗೋ ಇ-ತ್ಯಾಜ್ಯ ಸಂಗ್ರಹಿಸುವವರಿಗೋ ಕೊಡಿ. ಗುಜರಿಗೆ ಹಾಕಿದರೆ ಅಲ್ಲಿ ಯಾರೋ ಸುತ್ತಿಗೆಯಿಂದ ಒಡೆಯುತ್ತಾರೆ.

ಇನ್ನು ಹೊಸ ಬ್ಯಾಟರಿ ಈ ಗತಿಗೆ ಬಾರದಿರಲು ಬೇಕಾದ್ದು ಬಹಳ ಕಡಿಮೆ. ಡ್ರಿಲ್‌ನ ವೇಗ ಕುಗ್ಗಿದ ಕೂಡಲೇ ನಿಲ್ಲಿಸಿ. ಟ್ರಿಗರ್ ಒತ್ತಿ ಒತ್ತಿ ಕೊನೆಯ ಹನಿ ಹಿಂಡಬೇಡಿ. ತಿಂಗಳುಗಟ್ಟಲೆ ಇಡುವುದಾದರೆ ಮೆಷಿನ್‌ನಿಂದ ಬೇರೆ ಮಾಡಿ, ಅರ್ಧದಷ್ಟು ಚಾರ್ಜ್‌ನಲ್ಲಿ, ನಾಲ್ಕು ದೀಪದ ಬ್ಯಾಟರಿಯಾದರೆ ಎರಡು ಉರಿಯುವಷ್ಟರಲ್ಲಿ ಇಡಿ. ಮೂರು ತಿಂಗಳಿಗೊಮ್ಮೆ ನೋಡಿ, ಇಳಿದಿದ್ದರೆ ಸ್ವಲ್ಪ ತುಂಬಿಸಿ.

ಸಾಗರದ ಆ ಬ್ಯಾಟರಿ ಟೇಪ್ ಸುತ್ತಿಕೊಂಡು ಸರ್ವಿಸ್ ಸೆಂಟರ್ ಸೇರಿತು. ಹೊಸದಕ್ಕೆ ದುಡ್ಡು ಕೊಡುವಾಗ ಅಪ್ಪ ಗೊಣಗಿದರಂತೆ, ವಿಡಿಯೊದಲ್ಲಿ ಪುಕ್ಕಟೆ ಆಗಿತ್ತಲ್ಲ ಎಂದು. ಈಗ ಅಟ್ಟದ ಬದಲು ಜಗುಲಿಯ ಗೂಡಿನಲ್ಲಿ ಎರಡು ದೀಪ ತೋರಿಸುವ ಬ್ಯಾಟರಿ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಗಸ್ಟ್ ಒಂದಕ್ಕೆ ಪೆನ್ನಿನಲ್ಲಿ ‘ಡ್ರಿಲ್’ ಎಂದು ಬರೆದಿದೆ.